ಗರ್ಭಕಂಠ ಶಸ್ತ್ರಚಿಕಿತ್ಸೆಯ ನಂತರ ಬಸಿರು, ಹೆರಿಗೆ: ತವರಿಗೂ ಬರಬೇಕಾದ ಆಸ್ಪತ್ರೆಯ ಚೀಟಿ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ರಾಯಚೂರು ಸೀಮೆಯಲ್ಲಿ ಇಂದಿಗೂ ಉಳಿದುಬಂದಿರುವ ಪದ್ಧತಿ. ಸಿಂಧನೂರು ತಾಲ್ಲೂಕಿನ ಸಾಲಗುಂದದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆಕೆ ಮದುವೆಯಾಗಿ ಹೋದದ್ದು ಲಿಂಗಸುಗೂರಿನ ಕಡೆಗೆ. ಗಂಡನೊಡನೆ ದುಡಿಯಲು ಹೋದದ್ದು ಬೆಂಗಳೂರಿಗೆ. ಅಲ್ಲಿ ಬಿಳಿ ಸೆರಗಿನ ತೊಂದರೆಗೆಂದು ಆಸ್ಪತ್ರೆಗೆ ಹೋದಾಗ ಗರ್ಭಕಂಠದಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡುಬಂತು. ವೈದ್ಯರು ಆ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಅದೇ ದಿನ ಮನೆಗೆ ಕಳುಹಿಸಿದರು. ಎರಡು ವರ್ಷಗಳ ಬಳಿಕ ಬಸಿರಾಗಿ, ಏಳನೇ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ಸಾಲಗುಂದಕ್ಕೆ ಬಂದಳು. ಕೈಯಲ್ಲಿ ತಾಯಿ ಕಾರ್ಡ್ ಇದೆ. ಶಸ್ತ್ರಚಿಕಿತ್ಸೆಯ ಕಾಗದ ಮಾತ್ರ ಬೆಂಗಳೂರಿನ ಬಾಡಿಗೆ ಮನೆಯ ಟ್ರಂಕಿನಲ್ಲಿ ಉಳಿದಿದೆ. ಅದನ್ನು ಯಾರಿಗಾದರೂ ಹೇಳಬೇಕೆಂದು ಆಕೆಗೆ ಅನ್ನಿಸಿಯೂ ಇಲ್ಲ. ಹೆರಿಗೆಗೂ ಅದಕ್ಕೂ ಏನು ಸಂಬಂಧ?

ಸಂಬಂಧವಿದೆ. ಆದರೆ ಅದು ಗಾಬರಿಪಡುವಂಥದ್ದಲ್ಲ. ಗರ್ಭಕಂಠದ ಸಣ್ಣ ಶಸ್ತ್ರಚಿಕಿತ್ಸೆಗೆ ಒಳಗಾದ ಬಹುಪಾಲು ಮಹಿಳೆಯರು ತಿಂಗಳು ತುಂಬಿಯೇ, ಸಹಜವಾಗಿಯೇ ಹೆರುತ್ತಾರೆ. ಕೆಲವರಿಗೆ ಮಾತ್ರ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳುತ್ತದೆ. ಆ ಕೆಲವರು ಯಾರೆಂಬುದನ್ನು ಮೊದಲೇ ಊಹಿಸಲು ವೈದ್ಯರಿಗೆ ಬೇಕಾಗಿರುವುದು ಆ ಟ್ರಂಕಿನಲ್ಲಿರುವ ಕಾಗದ.

ಗರ್ಭದ ಬಾಯಿ ಮಾಡುವ ಕೆಲಸ

ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗವೇ ಗರ್ಭಕಂಠ. ಆಡುಮಾತಿನಲ್ಲಿ ಗರ್ಭದ ಬಾಯಿ. ಗರ್ಭಕೋಶದ ಉಳಿದ ಭಾಗ ಮುಖ್ಯವಾಗಿ ಸ್ನಾಯುವಾದರೆ, ಗರ್ಭಕಂಠದಲ್ಲಿ ಸ್ನಾಯು ಕಡಿಮೆ, ಗಟ್ಟಿಯಾದ ನಾರಿನ ಅಂಗಾಂಶ ಹೆಚ್ಚು. ಬೆಳೆಯುತ್ತಿರುವ ಮಗು, ನೀರು ಹಾಗೂ ಮಾಸಿನ ಭಾರವನ್ನೆಲ್ಲ ತಡೆದು ಒಂಬತ್ತು ತಿಂಗಳು ಮುಚ್ಚಿಕೊಂಡಿರುವುದು, ಅನಂತರ ಕೆಲವೇ ಗಂಟೆಗಳಲ್ಲಿ ಮೆದುವಾಗಿ 10 ಸೆಂ.ಮೀ.ನಷ್ಟು ತೆರೆದುಕೊಳ್ಳುವುದು ಇದರ ಕೆಲಸ. ಬಸಿರಿನ ನಡುವಿನ ತಿಂಗಳುಗಳಲ್ಲಿ ಇದರ ಉದ್ದ ಸಾಮಾನ್ಯವಾಗಿ 35ರಿಂದ 40 ಮಿ.ಮೀ. ಇರುತ್ತದೆ.

ಇದಕ್ಕೆ ಇನ್ನೊಂದು ಹೊಣೆಯೂ ಇದೆ. ಗರ್ಭಕಂಠದ ಒಳಮೈಯಲ್ಲಿರುವ ಗ್ರಂಥಿಗಳು ಸ್ರವಿಸುವ ದಪ್ಪ ಲೋಳೆ ಬಿರಡೆಯಂತೆ ಕುಳಿತು, ಯೋನಿಯಲ್ಲಿರುವ ಸೂಕ್ಷ್ಮಾಣುಗಳು ಮೇಲೇರದಂತೆ ತಡೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶದೊಡನೆ ಈ ಗ್ರಂಥಿಗಳಲ್ಲಿ ಕೆಲವೂ ಹೋಗುತ್ತವೆ. ನಾರಿನ ಬಲ ತಗ್ಗುವುದು ಒಂದು ಕಾರಣ, ಲೋಳೆಯ ಕಾವಲು ತೆಳುವಾಗಿ ಸೋಂಕು ಮೇಲೇರುವುದು ಇನ್ನೊಂದು. ಅವಧಿಪೂರ್ವ ಹೆರಿಗೆಗೆ ಈ ಎರಡೂ ದಾರಿ ಮಾಡಿಕೊಡುತ್ತವೆ ಎಂಬುದು ವೈದ್ಯ ವಿಜ್ಞಾನದ ಈಗಿನ ತಿಳಿವಳಿಕೆ.

ಎಷ್ಟು ಆಳ ಕತ್ತರಿಸಿದರು?

ಗರ್ಭಕಂಠದ ಚಿಕಿತ್ಸೆಗಳೆಲ್ಲ ಒಂದೇ ಬಗೆಯವಲ್ಲ. ಎಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕಿನಿಂದ ಜೀವಕೋಶಗಳು ಬದಲಾಗತೊಡಗಿದಾಗ, ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಅವುಗಳನ್ನು ನಾಶಪಡಿಸಬಹುದು. ಅತಿಶೀತಲ ಅನಿಲದಿಂದ ಹೆಪ್ಪುಗಟ್ಟಿಸುವುದು ಕ್ರಯೊಥೆರಪಿ. ಬಿಸಿ ಸಲಾಕೆಯಿಂದ ಸುಡುವುದು ಥರ್ಮಲ್ ಅಬ್ಲೇಷನ್. ಇವೆರಡರಲ್ಲೂ ಕತ್ತರಿಸುವುದಿಲ್ಲ. ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ರೋಗಗ್ರಸ್ತ ಭಾಗವನ್ನು ಬಿಲ್ಲೆಯಂತೆ ತೆಗೆಯುವುದು ಲೀಪ್. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮ ಇದೇ. ಚಾಕುವಿನಿಂದ ಶಂಕುವಿನಾಕಾರದ ತುಂಡನ್ನು ತೆಗೆಯುವ ಕೋನ್ ಬಯಾಪ್ಸಿಯಲ್ಲಿ ಹೆಚ್ಚು ಆಳಕ್ಕೆ ಹೋಗಬೇಕಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಟ್ರಕೆಲೆಕ್ಟಮಿ. ಆರಂಭದ ಹಂತದ ಕ್ಯಾನ್ಸರ್ ಆಗಿಯೇಬಿಟ್ಟಿದ್ದರೂ ಗರ್ಭಕೋಶವನ್ನು ಉಳಿಸಿ, ಗರ್ಭಕಂಠವನ್ನು ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆ ಇದು.

ಹೆರಿಗೆಯ ಮೇಲೆ ಆಗುವ ಪರಿಣಾಮವನ್ನು ನಿರ್ಧರಿಸುವುದು ಚಿಕಿತ್ಸೆಯ ಹೆಸರಿಗಿಂತ ಹೆಚ್ಚಾಗಿ ಕತ್ತರಿಸಿದ ಆಳ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮರಿಯಾ ಕಿರ್ಗಿಯು ಹಾಗೂ ಸಂಗಡಿಗರು 71 ಅಧ್ಯಯನಗಳನ್ನು ಕ್ರೋಡೀಕರಿಸಿ 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದಲ್ಲಿ ಬಹುಮುಖ್ಯವಾದುದು. 60 ಲಕ್ಷಕ್ಕೂ ಹೆಚ್ಚು ಬಸಿರುಗಳ ಮಾಹಿತಿ ಅದರಲ್ಲಿದೆ. ಚಿಕಿತ್ಸೆ ಪಡೆದವರಲ್ಲಿ 37 ವಾರ ತುಂಬುವ ಮೊದಲೇ ಹೆರಿಗೆಯಾದವರು ಶೇ.10.7, ಪಡೆಯದವರಲ್ಲಿ ಶೇ.5.4. ಅಂದರೆ ಅಪಾಯ ಹೆಚ್ಚುಕಡಿಮೆ ಎರಡರಷ್ಟು. ಆದರೂ ಚಿಕಿತ್ಸೆ ಪಡೆದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ದಿನ ತುಂಬಿಯೇ ಹೆರಿಗೆಯಾಗಿದೆ ಎಂಬುದೂ ಅದೇ ಅಂಕಿಯಲ್ಲಿದೆ. 'ಅಪಾಯ ದುಪ್ಪಟ್ಟು' ಎಂಬ ತಲೆಬರಹದ ಮುಂದೆ ಇದು ಸಾಮಾನ್ಯವಾಗಿ ಮರೆಯಾಗಿಬಿಡುತ್ತದೆ.

ಆಳದ ಲೆಕ್ಕ ಇನ್ನೂ ಸ್ಪಷ್ಟ. ತೆಗೆದ ತುಂಡು 10-12 ಮಿ.ಮೀ.ಗಿಂತ ಕಡಿಮೆ ಇದ್ದಾಗ ಅವಧಿಪೂರ್ವ ಹೆರಿಗೆಯ ಸಂಭವ ಚಿಕಿತ್ಸೆ ಪಡೆಯದವರಿಗಿಂತ ಸುಮಾರು ಒಂದೂವರೆಪಟ್ಟು. 15-17 ಮಿ.ಮೀ. ದಾಟಿದರೆ ಮೂರುಪಟ್ಟಿನ ಸಮೀಪ. 20 ಮಿ.ಮೀ.ಗಿಂತ ಹೆಚ್ಚಾದರೆ ಐದುಪಟ್ಟು. ಒಂದಕ್ಕಿಂತ ಹೆಚ್ಚು ಸಲ ಚಿಕಿತ್ಸೆ ಮಾಡಿಸಿಕೊಂಡವರಲ್ಲಿಯೂ ಸಂಭವ ಸುಮಾರು ನಾಲ್ಕುಪಟ್ಟಿಗೆ ಏರಿತ್ತು. ಆದ್ದರಿಂದ 'ಗರ್ಭದ ಬಾಯಿಗೆ ಏನೋ ಆಪರೇಷನ್ ಆಗಿದೆ' ಎಂಬಷ್ಟು ಹೇಳಿಕೆಯಿಂದ ಹೆರಿಗೆ ಮಾಡಿಸುವ ವೈದ್ಯರಿಗೆ ಹೆಚ್ಚಿನ ಉಪಯೋಗವಿಲ್ಲ. 8 ಮಿ.ಮೀ. ತೆಗೆಸಿಕೊಂಡವಳೂ 22 ಮಿ.ಮೀ. ತೆಗೆಸಿಕೊಂಡವಳೂ ಇದೇ ಮಾತನ್ನು ಹೇಳುತ್ತಾರೆ.

ಈ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶವಿದೆ. ಕ್ಯಾನ್ಸರ್‌ಪೂರ್ವ ಬದಲಾವಣೆ ಇದ್ದೂ ಚಿಕಿತ್ಸೆ ಪಡೆಯದವರಲ್ಲಿಯೂ ಅವಧಿಪೂರ್ವ ಹೆರಿಗೆ ಇತರರಿಗಿಂತ ತುಸು ಹೆಚ್ಚಾಗಿಯೇ ಇತ್ತು. ಎಂದಮೇಲೆ ತಪ್ಪನ್ನೆಲ್ಲ ಕತ್ತರಿಯ ಮೇಲೆ ಹೊರಿಸುವಂತಿಲ್ಲ. ಜೊತೆಗೆ, ಈ ಅಂಕಿಗಳು ಬಹುಪಾಲು ಪಾಶ್ಚಾತ್ಯ ದೇಶಗಳವು. ರಕ್ತಹೀನತೆ, ಎಳೆಯ ವಯಸ್ಸಿನ ಬಸಿರು, ಮೂತ್ರದ ಸೋಂಕು ಇತ್ಯಾದಿಗಳಿಂದ ಇಲ್ಲಿ ಮೊದಲೇ ಅವಧಿಪೂರ್ವ ಹೆರಿಗೆ ಹೆಚ್ಚು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2020ರಲ್ಲಿ ಭಾರತದಲ್ಲಿ ದಿನ ತುಂಬುವ ಮೊದಲೇ ಜನಿಸಿದ ಶಿಶುಗಳು ಸುಮಾರು 30 ಲಕ್ಷ; ಜಗತ್ತಿನಲ್ಲಿಯೇ ಅತಿ ಹೆಚ್ಚು.

ಮಕ್ಕಳಾಗುವುದಕ್ಕೆ ಅಡ್ಡಿಯೇ?

ಅಲ್ಲ. ಇದೇ ತಂಡ 2014ರಲ್ಲಿ ಪ್ರಕಟಿಸಿದ ಮತ್ತೊಂದು ವಿಶ್ಲೇಷಣೆಯಲ್ಲಿ ಚಿಕಿತ್ಸೆಯಿಂದ ಗರ್ಭ ಧರಿಸುವ ಸಾಮರ್ಥ್ಯ ಕುಂದುತ್ತದೆ ಎಂಬುದಕ್ಕೆ ಆಧಾರ ದೊರೆಯಲಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತವೂ ಹೆಚ್ಚಿರಲಿಲ್ಲ. ನಾಲ್ಕರಿಂದ ಆರನೇ ತಿಂಗಳ ನಡುವಿನ ಗರ್ಭಪಾತ ಮಾತ್ರ ಶೇ.0.4ರಿಂದ ಶೇ.1.6ಕ್ಕೆ ಏರಿತ್ತು. ಗಾಯ ಮಾಗುವಾಗ ಗರ್ಭದ ಬಾಯಿ ತೀರಾ ಕಿರಿದಾಗಿ ಮುಟ್ಟಿನ ರಕ್ತ ಸರಾಗವಾಗಿ ಹರಿಯದೆ ನೋವು ಕೊಡುವುದುಂಟು. ಇದು ವಿರಳ, ಸರಿಪಡಿಸಬಹುದಾದದ್ದು. ಮುಂದಿನ ಬಸಿರಿಗೆ ಎಷ್ಟು ಕಾಯಬೇಕೆಂಬುದನ್ನು ಗಾಯ ಮಾಗಿರುವುದನ್ನೂ, ಸುಮಾರು ಆರು ತಿಂಗಳಿಗೆ ಮಾಡುವ ಮರುಪರೀಕ್ಷೆಯ ಫಲಿತಾಂಶವನ್ನೂ ನೋಡಿ ವೈದ್ಯರು ಹೇಳುತ್ತಾರೆ.

ಹಾಗಾದರೆ ಈ ಉಪದ್ವ್ಯಾಪವೇ ಬೇಡ, ಮಕ್ಕಳಾಗುವ ತನಕ ಚಿಕಿತ್ಸೆಯನ್ನೇ ಮುಂದೂಡಿದರಾಗದೆ ಎಂದು ಕೇಳುವವರಿದ್ದಾರೆ. ಬದಲಾವಣೆ ಅಲ್ಪ ಪ್ರಮಾಣದ್ದಾದರೆ ವೈದ್ಯರೇ ಕತ್ತರಿಸಲು ಅವಸರಪಡುವುದಿಲ್ಲ, ಅವು ಬಹುತೇಕ ತಾವಾಗಿಯೇ ಮಾಯವಾಗುತ್ತವೆ. ತೀವ್ರ ಸ್ವರೂಪದ್ದಾದರೆ ಕಥೆ ಬೇರೆ. ನ್ಯೂಜಿಲೆಂಡಿನ ಆಕ್ಲೆಂಡ್‌ನ ರಾಷ್ಟ್ರೀಯ ಮಹಿಳಾ ಆಸ್ಪತ್ರೆಯಲ್ಲಿ 1960-70ರ ದಶಕಗಳಲ್ಲಿ ಇಂಥ ಮಹಿಳೆಯರಿಗೆ ಸರಿಯಾದ ಚಿಕಿತ್ಸೆ ನೀಡದೆ ಬರೀ ಗಮನಿಸುತ್ತ ಕೂತ ದಾರುಣ ಪ್ರಕರಣವೊಂದು ನಡೆದುಹೋಯಿತು. ಆ ದೇಶದ ಸರ್ಕಾರ 1987ರಲ್ಲಿ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ಆ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳೊಳಗೆ ಶೇ.31ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಅದು ಶೇ.1ಕ್ಕಿಂತಲೂ ಕಡಿಮೆ. ಬಾರದ ಹೆರಿಗೆಯ ಭಯದಿಂದ ಬಂದಿರುವ ರೋಗವನ್ನು ಬಿಟ್ಟುಕೊಳ್ಳುವುದು ಎಷ್ಟು ದುಬಾರಿಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇನ್ನೊಂದು ತುದಿಯ ತಪ್ಪು ಕಲ್ಯಾಣ ಕರ್ನಾಟಕಕ್ಕೆ ಹೆಚ್ಚು ಪರಿಚಿತ. ಬಿಳಿ ಸೆರಗು, ಸೊಂಟನೋವು ಎಂದು ಹೋದವರಿಗೆ 'ಕ್ಯಾನ್ಸರ್ ಆದೀತು' ಎಂದು ಹೆದರಿಸಿ ಗರ್ಭಚೀಲವನ್ನೇ ತೆಗೆಯುವುದು. ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರಿಗೆ ಹೀಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ರಾಜ್ಯದಾದ್ಯಂತ ಸುದ್ದಿಯಾಗಿತ್ತು. ಕ್ಯಾನ್ಸರ್‌ಪೂರ್ವ ಬದಲಾವಣೆಯೇ ಇದ್ದರೂ ಮಕ್ಕಳು ಬೇಕೆನ್ನುವ ವಯಸ್ಸಿನಲ್ಲಿ ಅದಕ್ಕೆ ಮೊದಲ ಚಿಕಿತ್ಸೆ ಗರ್ಭಕೋಶ ತೆಗೆಯುವುದಲ್ಲ. ಬೆರಳ ತುದಿಯಷ್ಟು ಅಂಗಾಂಶ ತೆಗೆದರೆ ಮುಗಿಯುವ ಕೆಲಸ. ಗರ್ಭಕೋಶ ತೆಗೆಯುವ ಮಾತು ಬಂದಾಗ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ, ಕಾಲ್ಪೊಸ್ಕೋಪಿ ಹಾಗೂ ಬಯಾಪ್ಸಿಯ ವರದಿ ಎಲ್ಲಿ ಎಂದು ಕೇಳುವ ಹಕ್ಕು ರೋಗಿಗಿದೆ.

ಹುಬ್ಬಳ್ಳಿಯಲ್ಲಿ ಓದಿದ ವೈದ್ಯರ ಹೊಲಿಗೆ

ಗರ್ಭದ ಬಾಯಿ ಬಲಹೀನವಾಗಿ ನಾಲ್ಕು-ಐದು ತಿಂಗಳಿಗೇ ತೆರೆದುಕೊಳ್ಳುವವರಿಗೆ ಹೊಲಿಗೆ ಹಾಕುವುದನ್ನು ಬಹಳ ಮಂದಿ ಕೇಳಿರುತ್ತಾರೆ. ಜಗತ್ತಿನ ಪ್ರಸೂತಿ ಗ್ರಂಥಗಳಲ್ಲೆಲ್ಲ ಈ ಹೊಲಿಗೆಗೆ ಒಬ್ಬ ಭಾರತೀಯನ ಹೆಸರಿದೆ. 1899ರಲ್ಲಿ ಗೋವಾದ ಶಿರೋಡಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್ 1955ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ರೋಗಿಯದೇ ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು ಗರ್ಭಕಂಠದ ಸುತ್ತ ಕಟ್ಟುವುದು ಅವರ ಕ್ರಮವಾಗಿತ್ತು. ಎರಡೇ ವರ್ಷದಲ್ಲಿ, 1957ರಲ್ಲಿ, ಆಸ್ಟ್ರೇಲಿಯದ ಇಯಾನ್ ಮೆಕ್‌ಡೊನಾಲ್ಡ್ ಇನ್ನೂ ಸುಲಭವಾದ ದಾರಿ ತೋರಿಸಿದರು. ಎಲೆಯಡಿಕೆ ಸಂಚಿಯ ಬಾಯಿಯನ್ನು ದಾರ ಎಳೆದು ಬಿಗಿಯುವಂತೆ ಗರ್ಭಕಂಠದ ಸುತ್ತ ಹೊಲಿದು ಬಿಗಿಯುವುದು. ಇಂದು ಹೆಚ್ಚು ಕಡೆ ಹಾಕುವುದು ಈ ಹೊಲಿಗೆಯನ್ನೇ. ಶಿರೋಡ್ಕರ್ ಅವರಿಗೆ 1971ರಲ್ಲಿ ಪದ್ಮವಿಭೂಷಣ ಸಂದಿತು. ಅದೇ ವರ್ಷ ಅವರು ನಿಧನರಾದರು.

ಗರ್ಭಕಂಠ ಕತ್ತರಿಸಿದವರಿಗೆಲ್ಲ ಮುಂಜಾಗ್ರತೆಯಾಗಿ ಹೊಲಿಗೆ ಹಾಕಿಬಿಡಬೇಕೆಂದೇನೂ ಇಲ್ಲ. ಹಾಗೆ ಹಾಕುವುದರಿಂದ ಪ್ರಯೋಜನವಿದೆ ಎಂಬುದು ಸಿದ್ಧವಾಗಿಲ್ಲ. ಹೊಲಿಗೆಯ ಲಾಭವನ್ನು ಅಳೆಯಲು ಹಲವು ದೇಶಗಳ 1,292 ಗರ್ಭಿಣಿಯರ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮಾರು 25 ಮಂದಿಗೆ ಹೊಲಿಗೆ ಹಾಕಿದರೆ ಒಂದು ಅವಧಿಪೂರ್ವ ಹೆರಿಗೆ ತಪ್ಪುತ್ತದೆಂದು ಕಂಡುಬಂತು. ಸ್ಪಷ್ಟ ಲಾಭ ಪಡೆದವರು ಹಿಂದೆ ಮೂರು ಅಥವಾ ಹೆಚ್ಚು ಸಲ ದಿನ ತುಂಬುವ ಮೊದಲೇ ಗರ್ಭ ಕಳೆದುಕೊಂಡವರು ಇಲ್ಲವೆ ಹೆತ್ತವರು. ಆದ್ದರಿಂದ ಈಗಿನ ಪದ್ಧತಿ ಮೊದಲು ಅಳೆಯುವುದು, ಅನಂತರ ಹೊಲಿಯುವುದು.

ಅಳತೆ ನಡೆಯುವುದು ಬಸಿರಿನ 16ರಿಂದ 24 ವಾರಗಳ ನಡುವೆ, ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಿಂದ. ಹೊಟ್ಟೆಯ ಮೇಲಿನಿಂದ ಮಾಡುವ ಮಾಮೂಲಿ ಸ್ಕ್ಯಾನಿಂಗ್ ಇದಕ್ಕೆ ಅಷ್ಟು ನಂಬಲರ್ಹವಲ್ಲ. ಮೂತ್ರಕೋಶ ತುಂಬಿದ್ದಾಗ ಗರ್ಭಕಂಠ ಇರುವುದಕ್ಕಿಂತ ಉದ್ದವಾಗಿ ಕಾಣಿಸಿ ಸುಳ್ಳು ಸಮಾಧಾನ ಕೊಡುತ್ತದೆ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಎಂದರೆ ಮಗುವಿಗೆ ತೊಂದರೆಯಾದೀತೆಂದು ಹಿಂಜರಿಯುವವರು ಹಳ್ಳಿಗಳಲ್ಲಿ ಮಾತ್ರವಲ್ಲ, ನಗರಗಳಲ್ಲೂ ಇದ್ದಾರೆ. ಅದರಿಂದ ಮಗುವಿಗೆ ಯಾವ ಅಪಾಯವೂ ಇಲ್ಲ. ಉದ್ದ 25 ಮಿ.ಮೀ.ಗಿಂತ ಕಡಿಮೆಯಿದ್ದರೆ ಪ್ರೊಜೆಸ್ಟರಾನ್ ಹಾರ್ಮೋನಿನ ಗುಳಿಗೆಯನ್ನು ಯೋನಿಯಲ್ಲಿ ಇರಿಸಿಕೊಳ್ಳಲು ಸೂಚಿಸಬಹುದು, ಇಲ್ಲವೆ ಹೊಲಿಗೆ ಹಾಕಬಹುದು. ಹಿಂದಿನ ಬಸಿರುಗಳು ಏನಾದವು ಎಂಬುದನ್ನು ನೋಡಿ ಈ ನಿರ್ಧಾರವಾಗುತ್ತದೆ. 30 ಮಿ.ಮೀ.ಗಿಂತ ಹೆಚ್ಚಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಅಪಾಯದ ಪಟ್ಟಿಯಲ್ಲಿರುವ ಬಹಳಷ್ಟು ಮಂದಿ ಈ ಗುಂಪಿಗೇ ಸೇರುತ್ತಾರೆ.

ಮನೆಮಂದಿಯ ಮೊದಲ ಉಪಾಯ ಬೇರೆಯೇ ಇರುತ್ತದೆ: ಹಾಸಿಗೆ ಬಿಟ್ಟು ಏಳಬೇಡ. ಪೂರ್ಣ ವಿಶ್ರಾಂತಿಯಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಹಾಗೆಂದು ಭತ್ತದ ನಾಟಿಗೆ ದಿನವಿಡೀ ಬಾಗಿ ನಿಲ್ಲಬೇಕೆಂದೂ ಅಲ್ಲ. ಮನೆಯೊಳಗಿನ ಸಾಮಾನ್ಯ ಓಡಾಟಕ್ಕೆ ಅಡ್ಡಿಯಿಲ್ಲ ಎಂಬಷ್ಟೇ ಮಾತು.

ಹೊಲಿಗೆ ಹಾಕಿದೆ ಎಂಬುದು ಗೊತ್ತಿರಬೇಕು

ಹೊಲಿಗೆ ಹಾಕಿಸಿಕೊಂಡವರ ವಿಷಯದಲ್ಲಿ ಮರೆಯಲೇಬಾರದ ಮಾತೊಂದಿದೆ. ಅದನ್ನು ಸಾಮಾನ್ಯವಾಗಿ 36-37ನೇ ವಾರಕ್ಕೆ ಬಿಚ್ಚಬೇಕು. ಅದಕ್ಕೆ ಮೊದಲೇ ನೋವು ಶುರುವಾದರೂ ತಕ್ಷಣ ಬಿಚ್ಚಬೇಕು. ನೀರು ಒಡೆದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೆಲವೇ ನಿಮಿಷಗಳ ಕೆಲಸ ಅದು. ಬಿಚ್ಚದೆ ನೋವು ಮುಂದುವರಿದರೆ ಬಿಗಿದ ದಾರದ ಮೇಲೆ ಮಗುವಿನ ತಲೆ ಒತ್ತಿ ಗರ್ಭಕಂಠ ಹರಿಯಬಹುದು, ವಿಪರೀತ ರಕ್ತಸ್ರಾವವಾಗಬಹುದು, ಗರ್ಭಕೋಶವೇ ಒಡೆಯುವ ಸಂಭವವೂ ಇದೆ. ಬೆಂಗಳೂರಿನಲ್ಲಿ ಹೊಲಿಗೆ ಹಾಕಿಸಿಕೊಂಡು ಸಾಲಗುಂದದಲ್ಲೋ ಮಸ್ಕಿಯಲ್ಲೋ ನೋವು ತಿನ್ನುವ ಹೆಣ್ಣುಮಗಳ ಬಳಿ ಕಾಗದವಿಲ್ಲದಿದ್ದರೆ, ರಾತ್ರಿ ಪಾಳಿಯಲ್ಲಿರುವ ನರ್ಸ್‌ಗೆ ಈ ಸಂಗತಿ ತಿಳಿಯುವುದಾದರೂ ಹೇಗೆ? ಹೊಟ್ಟೆಯ ಮೂಲಕ ಹಾಕಿದ ಹೊಲಿಗೆಯಾದರೆ ಅದನ್ನು ಕೆಳಗಿನಿಂದ ಬಿಚ್ಚಲಾಗದು. ಅವರಿಗೆ ಸಿಸೇರಿಯನ್ ಒಂದೇ ದಾರಿ.

ಟ್ರಕೆಲೆಕ್ಟಮಿ ಮಾಡಿಸಿಕೊಂಡವರದೂ ಇದೇ ದಾರಿ. ಫ್ರಾನ್ಸಿನ ಲಿಯೋನ್ ನಗರದ ದಾನಿಯೆಲ್ ದಾರ್ಜಾನ್ 1987ರಲ್ಲಿ ಮೊದಲ ಬಾರಿಗೆ ಯೋನಿಯ ಮೂಲಕ ಈ ಶಸ್ತ್ರಚಿಕಿತ್ಸೆ ನಡೆಸುವವರೆಗೆ, ಗರ್ಭಕಂಠದ ಕ್ಯಾನ್ಸರ್ ಎಂದರೆ ತಾಯ್ತನದ ಆಸೆ ಮುಗಿದಂತೆಯೇ ಆಗಿತ್ತು. ಗಡ್ಡೆ 2 ಸೆಂ.ಮೀ.ಗಿಂತ ಚಿಕ್ಕದಾಗಿದ್ದು, ಬೇರೆಡೆ ಹರಡದಿದ್ದರೆ ಮಾತ್ರ ಸಾಮಾನ್ಯವಾಗಿ ಇದನ್ನು ಪರಿಗಣಿಸುತ್ತಾರೆ. ಅದೇ ಹೊತ್ತಿಗೆ ಶಾಶ್ವತ ಹೊಲಿಗೆಯನ್ನೂ ಹಾಕುವುದು ವಾಡಿಕೆ. ಇವರಲ್ಲಿ ಅವಧಿಪೂರ್ವ ಹೆರಿಗೆಯ ಪ್ರಮಾಣ ಹೆಚ್ಚು: ನಾಲ್ಕರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರಿಗೆ. ಇಂಥವರ ಬಸಿರನ್ನು ಮೊದಲಿನಿಂದಲೇ ವೈದ್ಯಕೀಯ ಕಾಲೇಜಿನ ಮಟ್ಟದ ಆಸ್ಪತ್ರೆಯಲ್ಲಿ ನೋಡಿಕೊಳ್ಳಬೇಕು.

ಲೀಪ್ ಆದವರಿಗೆ ಆ ಕಾರಣದಿಂದಲೇ ಸಿಸೇರಿಯನ್ ಬೇಕಿಲ್ಲ. ಅಪರೂಪಕ್ಕೆ ಹೆರಿಗೆ ಕೋಣೆಯಲ್ಲಿ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ. ಗಂಟೆಗಟ್ಟಲೆ ಒಳ್ಳೆಯ ನೋವು ಬರುತ್ತಿರುತ್ತದೆ, ಗರ್ಭಕಂಠ ಕಾಗದದಷ್ಟು ತೆಳುವಾಗಿರುತ್ತದೆ, ಬಾಯಿ ಮಾತ್ರ ತೆರೆಯುವುದೇ ಇಲ್ಲ. ಹಳೆಯ ಗಾಯದ ಕಲೆ ಉಂಗುರದಂತೆ ಬಿಗಿಹಿಡಿದಿರುತ್ತದೆ. ವಿಷಯ ಗೊತ್ತಿರುವ ವೈದ್ಯರು ಬೆರಳಿನಿಂದ ನಯವಾಗಿ ಒತ್ತಿದಾಗ ಆ ಕಲೆ ಬಿಟ್ಟುಕೊಟ್ಟು, ಮುಂದಿನದೆಲ್ಲ ಬೇಗ ಬೇಗ ಮುಗಿಯುವುದುಂಟು. ಗೊತ್ತಿಲ್ಲದಿದ್ದರೆ 'ಬಾಯಿ ತೆರೆಯುತ್ತಿಲ್ಲ' ಎಂದು ಸಿಸೇರಿಯನ್‌ಗೆ ಕಳುಹಿಸುವುದೇ ಆಗುತ್ತದೆ.

ಎಂಬತ್ತು ಕಿಲೋಮೀಟರಿನ ಲೆಕ್ಕ

ಬೆಂಗಳೂರಿನ ಗರ್ಭಿಣಿಗೆ 30ನೇ ವಾರದಲ್ಲಿ ನೋವು ಬಂದರೆ ಅವಧಿಪೂರ್ವ ಶಿಶುವನ್ನು ಸಲಹುವ ಘಟಕ ನಗರದೊಳಗೇ ಸಿಗುತ್ತದೆ. ಸಿಂಧನೂರಿನಿಂದ ರಾಯಚೂರಿನ ರಿಮ್ಸ್‌ಗೆ 80 ಕಿ.ಮೀ.ಗೂ ಹೆಚ್ಚು ದೂರ. ಸಿರುಗುಪ್ಪದ ಮೇಲೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ಸಾಲಗುಂದದಿಂದ ಸಿಂಧನೂರು ತಲುಪುವ ಹೊತ್ತು ಬೇರೆ. 108 ಆಂಬುಲೆನ್ಸ್ ಬಂದರೂ ಇಷ್ಟು ದಾರಿಯನ್ನು ನೋವಿನ ನಡುವೆ ಕ್ರಮಿಸಬೇಕು. ತೂಕವಿಲ್ಲದ, ಉಸಿರಾಟಕ್ಕೆ ಪರದಾಡುವ ಶಿಶುವನ್ನು ಹೆರಿಗೆಯ ಬಳಿಕ ಸಾಗಿಸುವುದಕ್ಕಿಂತ, ಹೆರುವ ಮೊದಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಲೇಸು. ಹೊಟ್ಟೆಯಲ್ಲಿರುವ ಮಗುವಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ವಾಹನವಿಲ್ಲ.

ಮೊದಲೇ ಹೋಗುವುದರ ಇನ್ನೊಂದು ಲಾಭ ಸ್ಟಿರಾಯ್ಡ್ ಚುಚ್ಚುಮದ್ದು. ಅವಧಿಪೂರ್ವ ಹೆರಿಗೆ ಸನ್ನಿಹಿತವಾದಾಗ ತಾಯಿಗೆ ನೀಡುವ ಡೆಕ್ಸಾಮೆಥಸೋನ್ ಮಗುವಿನ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ. ಅಗ್ಗದ ಔಷಧ, ಎಲ್ಲೆಡೆ ಸಿಗುವಂಥದ್ದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೀನ್ಯಾ ಹಾಗೂ ನೈಜೀರಿಯದ 29 ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಪಾಲ್ಗೊಂಡಿತ್ತು. 26ರಿಂದ 34 ವಾರಗಳೊಳಗೆ ಹೆರಿಗೆಯಾಗುವ ಸಂಭವವಿದ್ದ 2,852 ಗರ್ಭಿಣಿಯರಲ್ಲಿ, ಔಷಧ ಪಡೆದವರ ನವಜಾತ ಶಿಶುಗಳ ಸಾವು ಶೇ.23.5ರಿಂದ ಶೇ.19.6ಕ್ಕೆ ಇಳಿಯಿತು. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗುವಿನ ಜೀವ ಉಳಿಯುತ್ತದೆ. ಆದರೆ ಔಷಧ ಪೂರ್ಣ ಫಲ ಕೊಡಲು ಹೆರಿಗೆಗೆ ಮುನ್ನ ಕೆಲವು ಗಂಟೆಗಳಾದರೂ, ಸಾಧ್ಯವಾದರೆ ಒಂದೆರಡು ದಿನ ಬೇಕು. ಚೆನ್ನಾಗಿ ನೋವೆದ್ದು ಆಸ್ಪತ್ರೆ ಮುಟ್ಟಿದವರಿಗೆ ಆ ಸಮಯ ಇರುವುದಿಲ್ಲ.

ಹೀಗಾಗಿ ಗರ್ಭಕಂಠದ ಶಸ್ತ್ರಚಿಕಿತ್ಸೆ ಆದವರು ಏಳನೇ ತಿಂಗಳ ಹೊತ್ತಿಗೆ ಸೊಂಟದಲ್ಲಿ ಬಿಟ್ಟುಬಿಟ್ಟು ಬರುವ ನೋವು, ಕಿಬ್ಬೊಟ್ಟೆಯಲ್ಲಿ ಭಾರ, ನೀರಿನಂಥ ಅಥವಾ ರಕ್ತ ಬೆರೆತ ಸ್ರಾವ ಕಂಡರೆ ಬೆಳಗಾಗಲೆಂದು ಕಾಯಬಾರದು. 'ಮೊದಲ ಹೆರಿಗೆ, ಇದೆಲ್ಲ ಇದ್ದದ್ದೇ' ಎಂಬ ಹಿರಿಯರ ಸಮಾಧಾನ ಇತರರಿಗೆ ಸರಿಯಾದೀತು, ಇವರಿಗಲ್ಲ.

ಪರೀಕ್ಷೆ ಹೆಚ್ಚಿದಂತೆ ಪ್ರಶ್ನೆಯೂ ಹೆಚ್ಚು

ಇಷ್ಟು ದಿನ ಈ ಪ್ರಶ್ನೆ ಹಳ್ಳಿಗಳಲ್ಲಿ ಏಳುತ್ತಲೇ ಇರಲಿಲ್ಲ. ಅನೇಕರಿಗೆ ಬೇಗ ಮದುವೆಯಾಗಿ, ಮೂವತ್ತರೊಳಗೆ ಮಕ್ಕಳಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮುಗಿದಿರುತ್ತಿತ್ತು. ಸರ್ಕಾರದ ಗರ್ಭಕಂಠ ತಪಾಸಣೆ ಶುರುವಾಗುವುದೇ ಮೂವತ್ತರ ನಂತರ. ತಪಾಸಣೆಯೂ ವಿರಳವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30-49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ಶೇ.2ಕ್ಕಿಂತ ಕಡಿಮೆ. ಇತ್ತ 2022ರಲ್ಲಿ ಭಾರತದಲ್ಲಿ ಈ ಕ್ಯಾನ್ಸರಿನ ಹೊಸ ಪ್ರಕರಣಗಳು 1.27 ಲಕ್ಷಕ್ಕೂ ಹೆಚ್ಚು, ಸಾವು ಸುಮಾರು 80 ಸಾವಿರ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು.

ತಪಾಸಣೆಯಿಂದ ಈ ಸಾವುಗಳನ್ನು ತಪ್ಪಿಸಬಹುದೆಂಬುದು ಕರ್ನಾಟಕದ ಗಡಿಗೆ ಹೊಂದಿಕೊಂಡೇ ರುಜುವಾತಾದ ಸಂಗತಿ. ಬೀದರ್, ಕಲಬುರಗಿಯ ನೆರೆಯ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 1,31,746 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ ಚಿಕಿತ್ಸೆ ನೀಡಿದಾಗ ಗರ್ಭಕಂಠ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿದಿತ್ತು. ಈ ದಾರಿಯಲ್ಲಿ ತಪಾಸಣೆ ವ್ಯಾಪಕವಾದಂತೆ, ಮದುವೆಯ ವಯಸ್ಸು ಮುಂದೆ ಹೋದಂತೆ, ಚಿಕಿತ್ಸೆಯಾದ ಮೇಲೆ ಬಸಿರಾಗುವವರ ಸಂಖ್ಯೆ ನಗರಗಳಲ್ಲಿ ಮಾತ್ರವಲ್ಲ, ತಾಲ್ಲೂಕುಗಳಲ್ಲೂ ಏರಲಿದೆ. ಆಗ ಹೆರಿಗೆ ಮಾಡಿಸುವವರಿಗೂ ಕ್ಯಾನ್ಸರ್ ತಪಾಸಣೆ ನಡೆಸುವವರಿಗೂ ನಡುವೆ ಮಾತಿಲ್ಲದಿದ್ದರೆ ಆ ಕೊರತೆಯನ್ನು ತುಂಬಬೇಕಾದವಳು ಗರ್ಭಿಣಿಯೇ.

ಸಾಲಗುಂದದ ಆ ಹೆಣ್ಣುಮಗಳ ಕೈಯಲ್ಲಿ ಇರಬೇಕಾದ ಚೀಟಿ ದೊಡ್ಡದೇನಲ್ಲ. ಯಾವ ಶಸ್ತ್ರಚಿಕಿತ್ಸೆ, ಯಾವ ವರ್ಷ, ಯಾವ ಆಸ್ಪತ್ರೆ, ತೆಗೆದ ತುಂಡಿನ ಆಳ ಎಷ್ಟು ಮಿ.ಮೀ., ಎಷ್ಟು ಸಲ, ಈಗಿನ ಬಸಿರಿನಲ್ಲಿ ಅಳೆದ ಗರ್ಭಕಂಠದ ಉದ್ದ, ಹೊಲಿಗೆ ಇದೆಯೇ ಇಲ್ಲವೇ. ತುಂಡಿನ ಅಳತೆ ಬಯಾಪ್ಸಿ ವರದಿಯಲ್ಲಿ ಸಾಮಾನ್ಯವಾಗಿ ನಮೂದಾಗಿರುತ್ತದೆ. ಮೂಲ ಕಾಗದ ಕಳೆದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಿಂದ ಪ್ರತಿ ಕೇಳಿ ಪಡೆಯಬಹುದು. ಮೊಬೈಲಿನಲ್ಲಿ ಒಂದು ಫೋಟೊ ಇದ್ದರೂ ಸಾಕು. ಇದನ್ನು ತಾಯಿ ಕಾರ್ಡಿನಲ್ಲಿ ಬರೆಸಲು ಒಳ್ಳೆಯ ಸಂದರ್ಭ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ಉಚಿತ ಗರ್ಭಿಣಿ ತಪಾಸಣೆ. ಅಂದು ವೈದ್ಯರೇ ನೋಡುತ್ತಾರೆ. ಅತ್ತೆಯ ಮುಂದೆಯೋ ನೆರೆಯವರ ಮುಂದೆಯೋ ಹೇಳಲು ಸಂಕೋಚವಾದರೆ ಒಬ್ಬಳೇ ಒಳಗೆ ಹೋಗಿ ಹೇಳಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿದರೂ ಆಗುತ್ತದೆ.

ಬಾಣಂತನ ಮುಗಿದು ಗಂಡನ ಮನೆಗೆ ಹೊರಡುವ ಮುನ್ನ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಬಸಿರಿನಲ್ಲಿದ್ದಾಗ ಗರ್ಭಕಂಠದಲ್ಲಿ ಮತ್ತೆ ಬದಲಾವಣೆ ಕಂಡುಬಂದರೂ, ಕ್ಯಾನ್ಸರಿನ ಸಂಶಯವಿಲ್ಲದಿದ್ದರೆ ಕತ್ತರಿಸುವುದನ್ನು ಹೆರಿಗೆಯ ನಂತರಕ್ಕೆ ಮುಂದೂಡುವುದು ರೂಢಿ. ಹೆರಿಗೆಯಾಗಿ ಎರಡು-ಮೂರು ತಿಂಗಳಿಗೆ ಅದನ್ನು ಪುನಃ ನೋಡಬೇಕು. ಏನೂ ಕಾಣಿಸದಿದ್ದವರೂ ಹಿಂದಿನ ಚಿಕಿತ್ಸೆಯ ಕಾರಣದಿಂದ ವೈದ್ಯರು ಹೇಳಿದ ಅಂತರದಲ್ಲಿ ಪರೀಕ್ಷೆ ಮುಂದುವರಿಸಬೇಕು. ಮಗುವಿಗೆ ಲಸಿಕೆ ಹಾಕಿಸಲು ಹೋಗುವ ದಿನವೇ ಇದಕ್ಕೂ ಹೆಸರು ಬರೆಸಿಕೊಳ್ಳಬಹುದು.